ಬೀದಿ ಒಂದೇ ಇರಲಿ ಎಂದವಳು

ಕಾಂದೆಲಾರಿಯಾ ಹುಟ್ಟಿದ್ದು ಅಕ್ರೋಟು ತೋಪಿನ ಕೂಲಿಗಳ ಬಿಡಾರದಲ್ಲಿ. ಹಸಿ ಸಿಪ್ಪೆ ಸುಲಿದು ಸುಲಿದು ಅವಳ ತಾಯಿಯ ಕೈ ಹಬ್ಬದ ದಿನವೂ ಕಪ್ಪಗಿರುತ್ತಿತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ ತೋಪು ಕಡಿದು ಒಂದೇ ಅಚ್ಚಿನ ಮನೆಗಳನ್ನು ಎಬ್ಬಿಸಿದರು. ಬಿಡಾರವಿದ್ದ ಜಾಗದಲ್ಲಿ ಅಂಗಡಿಗೆ ಬಂದವರ ಕಾರುಗಳು ನಿಂತವು. ಮದುವೆಯಾಗಿ ಹೋದ ಮನೆಯನ್ನು ಹೆದ್ದಾರಿ ನುಂಗಿತು. ಆಮೇಲೆ ಸಿಕ್ಕಿದ್ದು ಪಾಲೋ ಸೆಕೋ ಬಡಾವಣೆಯ ಈ ಮನೆ. ಇಲ್ಲಿಂದಲೇ ಅವಳು ಶಾಲೆಯ ಅಡುಗೆಮನೆಗೆ ಕೆಲಸಕ್ಕೆ ಹೋಗಿಬಂದಳು, ಗಂಡನನ್ನು ಮಣ್ಣು ಮಾಡಿದಳು, ಮಂಡಿ ಸವೆಸಿಕೊಂಡಳು. ಸಾನ್ ಫೆರ್ನಾಂಡೋ ಕಣಿವೆ ಬಿಟ್ಟು ಬೇರೆಲ್ಲೂ ಬದುಕಿದವಳಲ್ಲ.

ಎದುರು ಮನೆಯ ಓತಿಲಿಯಾ ಅವಳಿಗೆ ಕೊಮಾದ್ರೆ, ಅಂದರೆ ಇವಳ ಮಗಳನ್ನು ಜ್ಞಾನಸ್ನಾನಕ್ಕೆ ಎತ್ತಿಕೊಂಡವಳು. ಸಂಜೆಯ ಕಾಫಿ ಒಂದು ದಿನ ಇವಳ ಮನೆಯಲ್ಲಾದರೆ ಮರುದಿನ ಅವಳ ಮನೆಯಲ್ಲಿ.

ಆ ವರ್ಷ ಗುಡ್ಡದ ಮೇಲಿನವರಿಗೆ ಪಾಲೋ ಸೆಕೋ, ಅಂದರೆ ಒಣಮರ, ಎಂಬ ಹೆಸರು ಬೇಡವಾಯಿತು. ತಮ್ಮ ಭಾಗಕ್ಕೆ ‘ವಾಲ್‌ನಟ್ ಗ್ಲೆನ್’, ಅಂದರೆ ಅಕ್ರೋಟು ಕಣಿವೆ, ಎಂದು ಹೆಸರಿಡಬೇಕೆಂದು ಓಡಾಡಿ, ಸಹಿ ಕೂಡಿಸಿ, ನಗರಸಭೆಯನ್ನು ಒಪ್ಪಿಸಿದರು. ಹೊಸ ಬಡಾವಣೆಯ ಗೆರೆ ಸರಿಯಾಗಿ ಕಾಂದೆಲಾರಿಯಾಳ ಬೀದಿಯ ನಡುವೆ ಹಾದುಹೋಯಿತು. ಓತಿಲಿಯಾಳ ಮನೆ ಪಕ್ಕ ಹೊಸ ಹೆಸರಿನ ನೀಲಿ ಫಲಕ ಬಂತು. ಇವಳ ಮನೆ ಒಣಮರದಲ್ಲೇ ಉಳಿಯಿತು.

"ಏನೇ ಕೊಮಾದ್ರೆ, ನೀನೂ ಸಹಿ ಹಾಕಿದ್ಯಾ?"

"ಮನೆಗೆ ಒಳ್ಳೆ ಬೆಲೆ ಬರತ್ತಂತೆ ಕಣೇ. ನಂಗೂ ವಯಸ್ಸಾಯ್ತು."

"ನಂಗೇನು ಎಳೇ ವಯಸ್ಸಾ? ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಬೇಡ ಅಂತಿದ್ದೆ."

"ಅಂತಿದ್ದೆ. ಅದಕ್ಕೇ ಹೇಳಬೇಕಿತ್ತು."

ಅಲ್ಲಿಗೆ ಕಾಫಿ ನಿಂತಿತು.

ಹಿತ್ತಲ ಗೋಡೆಯ ಆಚೆ, ಹಿಂದಿನ ಬೀದಿಯಲ್ಲಿ, ಯುದ್ಧ ತಪ್ಪಿಸಿಕೊಂಡು ಬೈರೂತಿನಿಂದ ಬಂದ ಆರ್ಮೇನಿಯದ ಸಿರಾನುಶ್ ಇದ್ದಳು. ಗೋಡೆಯ ಮೇಲಿಂದ ಏಪ್ರಿಕಾಟ್ ಕೊಡುತ್ತ ಕೊಡುತ್ತ ಗೆಳತಿಯಾದವಳು, ಹಿರಿಯಳೆಂದು ಇವಳನ್ನು ‘ದೋನ್ಯಾ’ ಎನ್ನುವವಳು. ಅವಳ ಬೀದಿಯೂ ಒಣಮರದಲ್ಲೇ ಉಳಿದಿತ್ತು. ಸಂಗತಿ ತಿಳಿದು ಅವಳು ಕೆರಳಿದಳು.

"ಊರಿನ ನಡುವೆ ಗೆರೆ ಎಳೆದರೆ ಏನಾಗತ್ತೆ ಅಂತ ನಂಗೆ ಗೊತ್ತು. ಅದಕ್ಕೇ ಊರು ಬಿಟ್ಟು ಬಂದೋಳು ನಾನು. ನಡೀರಿ ದೋನ್ಯಾ, ಹೋಗಿ ಕೇಳೋಣ."

"ನಂಗೆ ಸಾಕಾಗಿದೆ ಸಿರಾನುಶ್."

"ಸಾಕಾಗಿದ್ರೆ ಬಸ್ಸಲ್ಲಿ ಕೂತ್ಕೊಂಡು ಹೋಗೋಣ."

ಹೋದರು. ನಗರಸಭೆಯ ಕಚೇರಿಯಲ್ಲಿ ಸಿರಾನುಶ್ ಗುಡ್ಡದ ಕೆಳಗಿನ ಎಲ್ಲ ಬೀದಿಗಳ ಪರವಾಗಿ ವಾದಿಸಿದಳು. ಮೇಜಿನ ಹಿಂದಿನ ಯುವಕ ಕೊನೆಗೆ ಕಾಂದೆಲಾರಿಯಾಳತ್ತ ತಿರುಗಿದ.

"ನಿಮಗೇನು ಬೇಕಮ್ಮಾ?"

ಕಾದು ಕಾದು ಅವಳ ಮಂಡಿ ಹಿಡಿದುಕೊಂಡಿತ್ತು. "ಹೆಸರು ಏನಾದ್ರೂ ಇಟ್ಕೊಳ್ಳಿ. ನಮ್ಮ ಬೀದಿ ಒಂದೇ ಇರಲಿ, ಅಷ್ಟು ಸಾಕು."

ಚಳಿಗಾಲದ ಮಳೆ ಮುಗಿಯುವ ಹೊತ್ತಿಗೆ ಅಷ್ಟೇ ಮಾಡಿಕೊಟ್ಟರು. ಗೆರೆ ನಡುಬೀದಿಯಿಂದ ಸರಿದು ಕಾಂದೆಲಾರಿಯಾಳ ಹಿತ್ತಲ ಗೋಡೆಗೆ ಬಂದು ಕೂತಿತು. ಇವಳು ವಾಲ್‌ನಟ್ ಗ್ಲೆನ್ ಒಳಗೆ, ಸಿರಾನುಶ್ ಹೊರಗೆ.

"ನಿಮ್ಮ ಬೀದಿ ಒಂದಾಯ್ತಲ್ಲ ದೋನ್ಯಾ," ಎಂದಳು ಸಿರಾನುಶ್, ಗೋಡೆಯಾಚೆಯಿಂದ.

"ನಿನ್ನ ಬಿಟ್ಟು ಕೇಳಬೇಕು ಅಂತ ಕೇಳಲಿಲ್ಲ ಕಣೇ."

"ಪಕ್ಕದಲ್ಲೇ ಕೂತಿದ್ದೆ. ಕೇಳಿಸ್ತು ನಂಗೆ."

ಆ ವರ್ಷ ಏಪ್ರಿಕಾಟ್ ಆಚೆ ಬದಿಯಲ್ಲೇ ಉದುರಿ ಕೊಳೆಯಿತು.

ಓತಿಲಿಯಾ ಸಿಹಿ ಬ್ರೆಡ್ಡು ಹಿಡಿದು ಬೀದಿ ದಾಟಿ ಬಂದು, "ಈಗ ಇಬ್ರೂ ಒಂದೇ ಕಡೆ!" ಎಂದು ನಕ್ಕಳು. ಕಾಂದೆಲಾರಿಯಾ ಕಾಫಿಗೆ ನೀರಿಟ್ಟಳು. ಜಗಳ ಮುಂದುವರಿಸಲೂ ತ್ರಾಣ ಬೇಕಲ್ಲ. ಕೆಲವು ತಿಂಗಳಲ್ಲೇ ಓತಿಲಿಯಾ ಮನೆ ಮಾರಿ ಫ್ರೆಸ್ನೋ ಊರಿನಲ್ಲಿದ್ದ ತನ್ನ ಮಗಳ ಮನೆಗೆ ಹೊರಟುಹೋದಳು. ಹೊಸಬರು ಕಾರಿನೊಳಗಿಂದಲೇ ಕೈ ಬೀಸುತ್ತಾರೆ.

ಆಮೇಲಿನ ಒಂದು ಭಾನುವಾರ ಕಾಂದೆಲಾರಿಯಾ ಮೆಕ್ಕೆಜೋಳದ ಹಿಟ್ಟಿನ ತಮಾಲೆ ಕಡುಬು ಬೇಯಿಸಿ, ಪಾತ್ರೆಗೆ ಬಟ್ಟೆ ಸುತ್ತಿ, ಬೀದಿಯನ್ನು ಬಳಸಿಕೊಂಡು ಹಿಂದಿನ ಬೀದಿಗೆ ನಡೆದಳು. ಬಸ್ ನಿಲ್ದಾಣದ ಬೆಂಚಿನಲ್ಲಿ ಒಮ್ಮೆ, ಯಾರದೋ ಕಟ್ಟೆಯ ಮೇಲೆ ಇನ್ನೊಮ್ಮೆ ಕೂತು ಉಸಿರು ತೆಗೆದುಕೊಂಡಳು. ಸಿರಾನುಶ್ ಬಾಗಿಲು ತೆರೆದಳು.

"ಈ ಮಂಡೀಲಿ ನಡ್ಕೊಂಡು ಬಂದ್ರಾ?"

"ಮತ್ತೇನು ಗೋಡೆ ಹಾರಲಾ?"

ಸಿರಾನುಶ್ ನಗಲಿಲ್ಲ. ಆದರೆ ಪಾತ್ರೆ ಇಸಿದುಕೊಂಡಳು, ಕುರ್ಚಿ ಎಳೆದು ಹಾಕಿದಳು. "ನಂಗಿನ್ನೂ ಸಿಟ್ಟಿದೆ," ಎಂದಳು.

"ಇರಲಿ," ಎಂದು ಕಾಂದೆಲಾರಿಯಾ ಕೂತು ಬಾಗಿ ಚಪ್ಪಲಿ ಬಿಚ್ಚಿದಳು.