ಕವಣೆ ಬೀಸುವ ನೆರಳು

ಅವತ್ತು ಮಧ್ಯಾಹ್ನ ನಮ್ಮ ಮನೆಯವರು ಊಟಕ್ಕೆ ಕೂತು, ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದರು. ನಾನು ಮಿಷಿನ್ ಬಿಟ್ಟು ಏಳದೆ, ಉಪ್ಪಿನ ಡಬ್ಬಿ ಅಲ್ಲೇ ಇದೆಯಲ್ಲ ಎಂದೆ. ಅವರೇ ಎದ್ದು ಹಾಕಿಕೊಂಡರು. ಸಾಧಾರಣವಾಗಿದ್ದ ಕೊನೆಯ ದಿನವನ್ನು ನೆನೆಸಿಕೊಂಡರೆ ಮೊದಲು ಬರುವುದು ಇದೇ.

ನಮ್ಮದು ರಾಯದುರ್ಗ. ಅವರು ಜೀನ್ಸ್ ಯೂನಿಟ್ಟಿನಲ್ಲಿ ಕಟಿಂಗ್ ಮಾಸ್ಟರ್. ಬಟ್ಟೆಯನ್ನು ಪದರ ಪದರವಾಗಿ ಮೇಜಿನುದ್ದ ಹಾಸಿ, ಎಡಗೈಯಲ್ಲಿ ಕತ್ತರಿಸುವ ಮಿಷಿನ್ ಹಿಡಿದು ಒಂದೇ ಓಟದಲ್ಲಿ ಕಾಲಿನ ಆಕಾರ ತೆಗೆಯುತ್ತಿದ್ದರು. ಅವರದು ಎಡಗೈ. ನಾನು ಮನೆಯಲ್ಲೇ ಕೂತು ಪ್ಯಾಂಟಿಗೆ ಬೆಲ್ಟ್ ಹಾಯಿಸುವ ಲೂಪ್ ಹೊಲಿಯುತ್ತೇನೆ.

ಆ ವಾರ ಯೂನಿಟ್ಟಿನ ಪಕ್ಕದ ಖಾಲಿ ಗೋಡೌನಿನಲ್ಲಿ ಹೊರಗಿನಿಂದ ಬಂದ ಕೆಲವರು ಆಟದ ಗೋಡೆಯೊಂದನ್ನು ಕಟ್ಟಿದ್ದರು. ಕಟ್ಟಿದ್ದರು ಎಂದರೆ ಇಟ್ಟಿಗೆಯ ಗೋಡೆಯಲ್ಲ. ಉದ್ದಕ್ಕೆ ಬಿಳಿ ಬಟ್ಟೆ, ಮೇಲೊಂದು ಪ್ರೊಜೆಕ್ಟರ್, ಕೆಳಗೆ ಮನುಷ್ಯರ ಕೈಕಾಲು ಆಡುವುದನ್ನು ಗುರುತು ಹಿಡಿಯುವ ಸೆನ್ಸರ್. ಕಿಟಕಿಗಳಿಂದ ಬೆಳಕು ಬಾರದಂತೆ ನಮ್ಮ ಯೂನಿಟ್ಟಿನವರೇ ವೇಸ್ಟ್ ಜೀನ್ಸ್ ಬಟ್ಟೆಯ ಪರದೆ ಹೊಲಿದು ಕೊಟ್ಟಿದ್ದರು. ಮುಂದೆ ನಿಂತು ಕೈ ಆಡಿಸಿದರೆ ನಮ್ಮ ನೆರಳು ಬಣ್ಣವಾಗಿ ಏಳುತ್ತದಂತೆ. ನಾವು ಆಡಿದ್ದನ್ನು ಗೋಡೆ ನೆನಪಿಟ್ಟುಕೊಂಡು, ಮುಂದೆ ಯಾರಾದರೂ ಹಾಗೆಯೇ ಆಡಿದರೆ ಅವರ ಪಕ್ಕಕ್ಕೆ ನಮ್ಮ ನೆರಳನ್ನು ಕಳಿಸುತ್ತದಂತೆ. ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಾ ಅವರು ಇದನ್ನೆಲ್ಲ ಹೇಳಿದರು.

"ಬಾರೆ, ಒಂದ್ಕಿತ ನೋಡ್ಕಂಡ್ ಬರಾಣ" ಎಂದರು. ಅವರು ಹುಟ್ಟಿದ್ದು ಮಡಕಶಿರಾ ಕಡೆ, ಹೇಮಾವತಿಯ ಹತ್ತಿರ. ಇಷ್ಟು ವರ್ಷವಾದರೂ ಮಾತು ಆ ಕಡೆಯದೇ.

"ಲೂಪ್ ಇನ್ನಾ ಎರಡ್ ಕಟ್ಟು ಅದಾವ್ರಿ. ನೀವ್ ಹೋಗಿ ಬರ್ರಿ" ಎಂದೆ.

ಸಂಜೆ ಬಂದಾಗ ಅಂಗಿ ಬೆವರಿನಿಂದ ಒದ್ದೆಯಾಗಿತ್ತು. ನಗುತ್ತಿದ್ದರು. ನನಗೆ ಗೊತ್ತಿಲ್ಲದ ನಗು ಅದು. ಏನು ಆಡಿದಿರಿ ಎಂದರೆ ಹೇಳಲಿಲ್ಲ, ನೀನೇ ಬರಬೇಕಿತ್ತು ಎಂದರು. ನನಗೆ ಸಿಟ್ಟು ಬಂತು. "ಯಾಕ, ತಲೆ ನೆರೆತ್ರೂ ಹುಡುಗಾಟ ಹೋಗಿಲ್ಲೇನ್ರಿ?" ಎಂದೆ. ಎಡಗೈ ನೋಯುತ್ತಿದೆ ಎಂದು ತೋಳು ಚಾಚಿದರು. ಆಡಿ ಆಡಿ ನೋಯಿಸಿಕೊಂಡಿದ್ದಾರೆ ಎಂದು ಬೈಯುತ್ತಲೇ ಎಣ್ಣೆ ತಿಕ್ಕಿದೆ.

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಯೂನಿಟ್ಟಿನ ಮೇಜಿನ ಪಕ್ಕ ಕುಸಿದರು. ಆಸ್ಪತ್ರೆಗೆ ಮುಟ್ಟುವ ಮೊದಲೇ ಮುಗಿದಿತ್ತು. ಡಾಕ್ಟರು, ಹಿಂದಿನ ದಿನ ಕೈ ನೋವು ಏನಾದರೂ ಇತ್ತೇನಮ್ಮ ಎಂದು ಕೇಳಿದರು. ಇತ್ತು ಎಂದೆ. ಹಾರ್ಟಿನ ನೋವು ಹಾಗೂ ಬರುತ್ತದೆ ಎಂದರು.

ಮೂರು ತಿಂಗಳು ನಾನು ಹೊಸ್ತಿಲು ದಾಟಲಿಲ್ಲ. ಬಂದ ಕಟ್ಟು ಹೊಲಿದೆ, ಹೊಲಿದದ್ದನ್ನು ಕಳಿಸಿದೆ. ಆಗ ಒಂದು ದಿನ ಅವರ ಅಕ್ಕ ಫೋನ್ ಮಾಡಿದರು. ಅವರು ಕುರಿ ಕಾಯುವವರು, ಫೋನಿನಲ್ಲಿಯೂ ಗುಡ್ಡದಿಂದ ಗುಡ್ಡಕ್ಕೆ ಕೂಗಿದಂತೆಯೇ ಮಾತಾಡುವುದು.

"ಅವ್ನ್ ನೋಡ್ದೆ ಕಣೆ! ಮಡಕಶಿರದಾಗೆ! ಹಳೇ ಟಾಕೀಸ್‌ನಾಗೆ ಅದೇನೋ ನೆಳ್ಳಿನ ಆಟ ಬಂದೈತೆ. ನಾ ಕೈ ಬೀಸಿದ್ನಾ, ಪಕ್ದಾಗೇ ಬಂದ್ ನಿಂತ್ಕಂಡ. ನನ್ ತಮ್ಮ ಕಣೆ!"

ಅವರು ಅಳುತ್ತಿದ್ದರು. ನನಗೆ ಅಳು ಬರಲಿಲ್ಲ. ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಇಪ್ಪತ್ತೆರಡು ವರ್ಷ ಅನ್ನ ಇಟ್ಟವಳು ನಾನು. ಇವರು ಹೋಗಿ ನಿಂತದ್ದು ಅಕ್ಕನ ಪಕ್ಕ. ಸತ್ತವರ ಮೇಲೆ, ದುಃಖದಲ್ಲಿರುವ ಅಕ್ಕನ ಮೇಲೆ ಹೀಗೆ ಉರಿದುಕೊಳ್ಳಬಾರದು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದರೂ ಉರಿಯಿತು. ನನ್ನ ಪಕ್ಕಕ್ಕೂ ಬರಬೇಕು, ಒಂದು ಸಲ ಸಾಕು ಎಂದುಕೊಂಡು ಮರುದಿನವೇ ಬಸ್ಸು ಹತ್ತಿದೆ. ವರ್ಷ ತುಂಬುವ ಮೊದಲೇ ಊರು ಬಿಟ್ಟಳೆಂದು ಓಣಿಯವರು ಆಡಿಕೊಂಡಿರಬೇಕು.

ಟಾಕೀಸಿನಲ್ಲಿ ಕುರ್ಚಿಗಳನ್ನು ಕಿತ್ತು ಒಂದು ಬದಿಗೆ ಪೇರಿಸಿದ್ದರು. ಜೀನ್ಸ್ ಪರದೆಗಳು ನಮ್ಮ ಊರಿನವೇ. ಹೊಲಿಗೆ ನೋಡಿ ಗುರುತು ಹಿಡಿದೆ. ಅವರ ಅಕ್ಕ ನನ್ನ ಕೈ ಹಿಡಿದು ಜನರನ್ನು ಸರಿಸಿ ಮುಂದಕ್ಕೆ ನುಗ್ಗಿದರು. ಸೆರಗನ್ನು ಸೊಂಟಕ್ಕೆ ಬಿಗಿದು, ಎಡಗೈಯನ್ನು ತಲೆಯ ಮೇಲೆ ಗಿರ್ರನೆ ಎರಡು ಸುತ್ತು ಬೀಸಿ ಮುಂದಕ್ಕೆ ಬಿಟ್ಟರು. ಕೈಯಲ್ಲಿ ಏನೂ ಇರಲಿಲ್ಲ. ಆದರೂ ಅದು ಕವಣೆಯೇ. ದಿಕ್ಕು ತಪ್ಪಿದ ಕುರಿಗಳ ಮುಂದಕ್ಕೆ ಕಲ್ಲೆಸೆದು ಮಂದೆಗೆ ತಿರುಗಿಸುತ್ತಾರಲ್ಲ, ಆ ಬೀಸು.

ಅಕ್ಕನ ನೆರಳಿನ ಪಕ್ಕದಲ್ಲಿ ಇನ್ನೊಂದು ನೆರಳು ಎದ್ದಿತು. ನೀಲಿ ಬಣ್ಣದ್ದು. ವರ್ಷಗಟ್ಟಲೆ ಮೇಜಿನ ಮೇಲೆ ಬಗ್ಗಿ ಇಳಿಬಿದ್ದಿದ್ದ ಎಡ ಭುಜ. ಮುಖವಿಲ್ಲ, ಆದರೂ ಸಂಶಯವಿಲ್ಲ. ಅದು ಕವಣೆ ಬೀಸಿ, ಮಂಡಿ ಬಗ್ಗಿಸಿ, ಕಲ್ಲು ಎಲ್ಲಿ ಬಿತ್ತೆಂದು ನೋಡಲು ಹಣೆಗೆ ಕೈ ಅಡ್ಡ ಹಿಡಿಯಿತು.

ನಮ್ಮ ಮನೆಯವರು ಕವಣೆ ಬೀಸಿದ್ದನ್ನು ನಾನು ಒಂದು ದಿನವೂ ನೋಡಿರಲಿಲ್ಲ. ಅವತ್ತು ಸಂಜೆ ಬೆವರಿ ಬಂದದ್ದು ಇದಕ್ಕೆ. ಗೋಡೆಯಲ್ಲಿ ಉಳಿದಿದ್ದವರು ನನ್ನ ಕಟಿಂಗ್ ಮಾಸ್ಟರ್ ಅಲ್ಲ. ನಾನು ಬರುವ ಮೊದಲಿನ ಹುಡುಗ, ಅಕ್ಕನ ತಮ್ಮ.

ನಾನು ಹೋಗಿ ನಿಂತೆ. ಗೋಡೆಯ ಮೇಲೆ ಏನೂ ಏಳಲಿಲ್ಲ. ಒಂದು ಹೆಜ್ಜೆ ಮುಂದಿಟ್ಟೆ. ಆಗಲೂ ಏನಿಲ್ಲ. ಹಿಂದೆ ಯಾರೋ, "ಆಯಮ್ಮ ದೇವ್ರ್ ಮುಂದೆ ನಿಂತಂಗ್ ನಿಂತವ್ಳೆ, ಮಂಗ್ಳಾರ್ತಿ ಕೊಡ್ರಪ್ಪೋ" ಎಂದರು. ಜನ ನಕ್ಕರು.

ಕಂಪ್ಯೂಟರಿನ ಮುಂದೆ ಕೂತಿದ್ದ ಹುಡುಗಿ ಎದ್ದು ಬಂದಳು. ತೆಲುಗಿನವಳು. "ಅಮ್ಮಾ, ಚೆಯ್ಯಿ ಪೈಕಿ ಎತ್ತಂಡಿ" ಎಂದು ತನ್ನ ಕೈಯೆತ್ತಿ ತೋರಿಸಿದಳು. ಮತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ ಅರೆಗನ್ನಡದಲ್ಲಿ ಹೇಳಿದಳು: ಸೆನ್ಸರ್ ಮೊದಲು ತಲೆ, ಕತ್ತು, ಭುಜ, ಕೈ ಹುಡುಕುತ್ತದೆ. ಅವು ಸಿಕ್ಕರೆ ಮಾತ್ರ ಮನುಷ್ಯರು ಎಂದು ತಿಳಿಯುತ್ತದೆ. ನಾನು ತಲೆಯಿಂದ ಮೊಣಕೈವರೆಗೆ ಸೆರಗು ಹೊದ್ದಿದ್ದೆ. ಅವರು ಹೋದಾಗಿನಿಂದ ಹಾಗೆಯೇ ಹೊದೆಯುತ್ತಿದ್ದೆ. ಗೋಡೆಗೆ ನಾನು ಒಂದು ಮೂಟೆಯಂತೆ ಕಂಡಿರಬೇಕು.

"ತೆಗ್ದ್ ಸೊಂಟಕ್ಕ್ ಸಿಗ್ಸೇ" ಎಂದರು ಅವರ ಅಕ್ಕ.

"ಜನ ಅದಾರ್ರಿ ಅಕ್ಕಾ."

"ಜನ ಏನ್ ನಿನ್ ಗಂಡನ್ನ ಕರ್ಕಂಡ್ ಬಂದಾರಾ? ಸಿಗ್ಸು ಅಂದೆ."

ಅವರ ಊರಿನಲ್ಲಿ, ಅವರ ಜನರ ಮುಂದೆ ಸೆರಗು ತೆಗೆದು ಸೊಂಟಕ್ಕೆ ಸಿಗಿಸಿದೆ. ಮೂರು ತಿಂಗಳ ಮೇಲೆ ಕತ್ತಿಗೆ ಗಾಳಿ ತಾಗಿತು. ಗೋಡೆಯ ಮೇಲೆ ತಟ್ಟನೆ ನನ್ನ ನೆರಳು ಎದ್ದಿತು, ಹಸಿರು ಬಣ್ಣದ್ದು. ನಾನು ಬಲಗೈ ಬೀಸಿದೆ. ಪಕ್ಕದಲ್ಲಿ ಒಂದು ಚಿಕ್ಕ ಹುಡುಗಿಯ ನೆರಳು ಬಂದು ಸ್ಕೂಲ್ ಬ್ಯಾಗ್ ತಿರುಗಿಸಿತು. ಮತ್ತೆ ಬೀಸಿದೆ. ಯಾರೋ ಮುದುಕರು ಟವೆಲ್ ಕೊಡವಿದರು. ಎಡಗೈ ಬೀಸಿದೆ. ಮೊಣಕೈ ಮಾತು ಕೇಳಲಿಲ್ಲ. ಬಟ್ಟೆ ಒಣಹಾಕುವ ಹೆಂಗಸೊಬ್ಬಳು ಬಂದಳು. ಇಷ್ಟೂ ಜನ ಬಂದರು. ಅವರು ಬರಲಿಲ್ಲ.

ಅವರ ಅಕ್ಕ ಹಿಂದಿನಿಂದ ಬಂದು ನನ್ನ ಮಣಿಕಟ್ಟು ಹಿಡಿದರು. "ಮೊಣಕೈಯಾಗಲ್ಲ ಕಣೆ, ರೆಟ್ಟೆಯಾಗ್ ಬೀಸ್ಬೇಕು. ಹಿಂಗೆ."

ನಾನು ಕೈ ಕೊಸರಿಕೊಂಡೆ. ಇಪ್ಪತ್ತೆರಡು ವರ್ಷದಲ್ಲಿ ಅವರಿಗೆ ನಾನು ಆಡದಿದ್ದ ಮಾತು ಬಾಯಿಗೆ ಬಂತು. "ನಿಮಗೊಬ್ರಿಗೇ ಬರ್ತಾರಲ್ರಿ, ಇಟ್ಕಳ್ರಿ. ನನಗ್ಯಾಕ ಕಲಿಸ್ತೀರಿ?"

ಅವರಿಗೆ ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ. ಯಾವಾಗಲೂ ಕೂಗಿ ಮಾತಾಡುವವರು ದನಿ ತಗ್ಗಿಸಿದರು.

"ಹನ್ನೆರ್ಡ್ ವರ್ಷದ್ ಹುಡ್ಗ ಅವ್ನು. ಹೊಲ್ಗೆ ಕಲೀತೀನಿ ಅಂತ ನಿಮ್ಮೂರ್ ಬಸ್ ಹತ್ತಿದ. ಕವಣೆ ನನ್ ಕೈಗಿಟ್ಟ, ಬಂದ್ ಇಸ್ಕಂತೀನಿ ಅಂದ. ಆಮೇಲ್ ಬಂದ್ರೆ ನೆಂಟ್ರಂಗ್ ಬರಾನು, ನಿನ್ ಪಕ್ದಾಗ್ ಕುಂತ್ಕಂಡ್ ಕಾಫಿ ಕುಡ್ದ್ ಹೋಗಾನು. ನಾನೊಂದ್ ಮಾತಂದಿದ್ನಾ? ನನ್ ಹೊಟ್ಟೇಲಿ ಏನಿತ್ತು ಅಂತ ಕೇಳಿದ್ಯಾ ನೀನು?"

ನಾನು ಕೇಳಿರಲಿಲ್ಲ. ಹಬ್ಬಕ್ಕೆ ಬಂದಾಗಲೆಲ್ಲ ಅವರು ಕುರಿ ನೆಪ ಹೇಳಿ ಬೇಗ ಹೊರಟುಬಿಡುತ್ತಿದ್ದುದನ್ನು ನಾನು ಬಿಗುಮಾನ ಎಂದು ತಿಳಿದಿದ್ದೆ. ಅವರೂ ನನ್ನ ಹಾಗೆಯೇ ಉರಿದಿದ್ದರು, ನನಗಿಂತ ಹೆಚ್ಚು ವರ್ಷ. ಇದು ತಿಳಿದ ಮೇಲೆ ನನ್ನ ಉರಿ ಆರಬೇಕಿತ್ತು. ಆರಲಿಲ್ಲ. ನಾಚಿಕೆಯೂ ಅದರ ಜೊತೆ ಸೇರಿಕೊಂಡಿತು, ಅಷ್ಟೇ.

ಮುಚ್ಚುವ ಹೊತ್ತಾಗಿತ್ತು. ಹುಡುಗಿ, ಇಬ್ಬರೂ ಒಟ್ಟಿಗೆ ನಿಂತುಕೊಳ್ಳಿ ಎಂದಳು. ನಿಂತೆವು. ಅವರ ಅಕ್ಕ ಬೀಸಿದರು. ಅವರು ಬಂದರು, ಅಕ್ಕನ ಆಚೆ ಬದಿಗೆ. ಗೋಡೆಯ ಮೇಲೆ ನಾವು ಮೂವರಿದ್ದೆವು. ಆ ಕಡೆ ಅವರು, ಈ ಕಡೆ ನಾನು, ನಡುವೆ ಅವರ ಅಕ್ಕ. ಅಕ್ಕ ಅದನ್ನು ಕಂಡು ಹಿಂದಕ್ಕೆ ಸರಿದರು, ನನಗೆ ಜಾಗ ಬಿಡಲೆಂದೇ. ಅಕ್ಕ ಸರಿದದ್ದೇ ತಡ, ನೀಲಿ ನೆರಳೂ ಹೋಯಿತು.

ರಾತ್ರಿ ಅಕ್ಕನ ಮನೆಯಲ್ಲಿ ಉಳಿಯದೆ ಸಂಜೆಯ ಬಸ್ಸಿಗೇ ಹೊರಟೆ. ಬಸ್ ಸ್ಟ್ಯಾಂಡಿನಲ್ಲಿ ಅವರು ಕಡಲೆಕಾಯಿ ಪೊಟ್ಟಣವನ್ನು ನನ್ನ ಮಡಿಲಿಗೆ ಹಾಕಿ, "ದಿನಾ ಒಂದೀಟ್ ಬೀಸು. ರೆಟ್ಟೆ ತಾನೇ ಕಲ್ತ್ಕಂತೈತೆ" ಎಂದರು. ಹ್ಞೂಂ ಎಂದೆ. ಮನಸ್ಸಿನಿಂದ ಅನ್ನಲಿಲ್ಲ.

ಎರಡು ದಿನದ ಮೇಲೆ ಆ ಗೋಡೆಯನ್ನು ಬಿಚ್ಚಿ ವ್ಯಾನಿಗೆ ತುಂಬಿದರಂತೆ. ಮುಂದೆ ಯಾವ ಊರು ಎಂದು ಅವರ ಅಕ್ಕ ಕೇಳಿದರೆ, ಹುಡುಗಿಗೂ ಸರಿಯಾಗಿ ಗೊತ್ತಿರಲಿಲ್ಲವಂತೆ. ನಮಗೆ ಹತ್ತಿರದ ಬೆಳುಗುಪ್ಪದ ಕಡೆ ಬರುತ್ತದೆ ಎಂದು ಯೂನಿಟ್ಟಿನಲ್ಲಿ ಯಾರೋ ಹೇಳಿದರು. ವಿಚಾರಿಸಿದೆ, ಸುಳ್ಳು.

ಈಗ ಮಧ್ಯಾಹ್ನ ಕಟ್ಟು ಮುಗಿದ ಮೇಲೆ ಹಿತ್ತಿಲಿನಲ್ಲಿ ನಿಂತು ಎಡಗೈ ಬೀಸುತ್ತೇನೆ. ಪಕ್ಕದ ಮನೆಯವಳು ಕಾಂಪೌಂಡಿನ ಮೇಲಿಂದ ಇಣುಕಿ, "ಕಾಗಿ ಓಡಸ್ತೀರೇನ್ರಿ?" ಎಂದು ಕೇಳುತ್ತಾಳೆ. ಹೌದ್ರಿ ಎನ್ನುತ್ತೇನೆ. ರೆಟ್ಟೆ ಈಗ ಒಂದಿಷ್ಟು ತಿರುಗುತ್ತದೆ. ಅವರ ಅಕ್ಕ ಫೋನಿನಲ್ಲಿ ಕೇಳಿದಾಗ ಬರುತ್ತಿದೆ ಎಂದು ಹೇಳಿದ್ದೇನೆ.

ನನ್ನ ನೆರಳಿನ ಪಕ್ಕಕ್ಕೆ ಅವರು ಇನ್ನೂ ಬಂದಿಲ್ಲ.