ಕ್ಲಚ್ ಪ್ಲೇಟಿಗೆ ಕುಂಕುಮ

ಇವತ್ತು ಶಹಾಡ್ ಸೇತುವೆಯ ಮೇಲೆ ಮುಂದಿದ್ದ ಟೆಂಪೊದಿಂದ ಸುಟ್ಟ ಕ್ಲಚ್ಚಿನ ವಾಸನೆ ಬಂತು. ತಕ್ಷಣ ನಾನು ಹತ್ತು ವರ್ಷದ ಹುಡುಗಿಯಾದೆ.

ಡೊಂಬಿವಲಿಯಲ್ಲಿ ಅಪ್ಪನಿಗೆ ಒಂದು ಉಡುಪಿ ಹೋಟೆಲೂ ಒಂದು ಮುದಿ ಜೀಪೂ ಇದ್ದವು. ಅಮ್ಮನ ಒಬ್ಬಳೇ ತಂಗಿಯ ಮದುವೆಗೆ ಮರುದಿನ ಆ ಜೀಪಿನಲ್ಲೇ ಊರಿಗೆ ಹೊರಡಬೇಕಿತ್ತು. ರೈಲಿನ ಟಿಕೆಟ್ ಸಿಕ್ಕಿರಲಿಲ್ಲ. ಕ್ಲಚ್ ಹೋಗಿದ್ದರಿಂದ ಆ ದಿನ ಗ್ಯಾರೇಜಿನ ಮಿಸ್ತ್ರಿ ಎಂಜಿನ್ನನ್ನೇ ಕೆಳಗಿಳಿಸಿ, ಹೊಸ ಪ್ಲೇಟನ್ನು ಪೇಪರಿನ ಮೇಲಿಟ್ಟು ಚಹಾಕ್ಕೆ ಹೋಗಿದ್ದ.

ಹೊಸ ಸಾಮಾನು ಪೂಜೆಯಿಲ್ಲದೆ ಒಳಗೆ ಹೋಗುವುದು ಅಪ್ಪನ ರಾಜ್ಯದಲ್ಲಿ ನಿಷಿದ್ಧ. ಹೋಟೆಲಿನ ಗ್ರೈಂಡರಿಗೆ ಹಚ್ಚುವ ಹಾಗೆಯೇ ಕುಂಕುಮವನ್ನು ತೆಂಗಿನೆಣ್ಣೆಯಲ್ಲಿ ಕಲಸಿ, ಪ್ಲೇಟಿನ ಎರಡೂ ಮುಖಕ್ಕೆ ಭಕ್ತಿಯಿಂದ ಬಳಿದರು. ಆರತಿ ತಟ್ಟೆ ಹಿಡಿದವಳು ನಾನೇ. ಮಿಸ್ತ್ರಿ ಬಂದು ಕೆಂಪನ್ನು ಒರೆಸಿ ಪ್ಲೇಟು ಕೂರಿಸಿದ. ಒಳಗೆ ಇಳಿದಿದ್ದ ಎಣ್ಣೆ ಅವನಿಗೆ ಕಾಣಲಿಲ್ಲ.

ಮತ್ತೆ ಜೋಡಿಸಿದ ಎಂಜಿನ್ ಗರ್ಜಿಸಿತು, ಹೊಗೆ ಬಂತು. ಜೀಪು ಮಾತ್ರ ಅಲ್ಲಾಡಲಿಲ್ಲ; ಒಣಗಿದ್ದರೆ ಮಾತ್ರ ಹಿಡಿಯುವ ಪ್ಲೇಟು ಎಣ್ಣೆಗೆ ಜಾರುತ್ತಿತ್ತು.

“ಶೇಟ್, ಪ್ಲೇಟ್ ಕೋ ತೇಲ್ ಲಗಾಯಾ ಕ್ಯಾ?” ಪ್ಲೇಟಿಗೆ ಎಣ್ಣೆ ಹಚ್ಚಿದಿರಾ ಎಂದು ಮಿಸ್ತ್ರಿ ಕೇಳಿದ.

“ತೇಲ್ ನಹೀ ರೇ, ಪೂಜಾ ಕಿಯಾ!”

“ತೋ ಅಬ್ ದೇವ್ ಕೋ ಬೋಲೋ ಧಕ್ಕಾ ಮಾರ್ನೇ ಕೋ.” ಹಾಗಾದರೆ ಇನ್ನು ಗಾಡಿ ತಳ್ಳಲು ದೇವರಿಗೇ ಹೇಳಿ, ಎಂದು.

ಎಂಜಿನ್ ಮತ್ತೆ ಇಳಿಯಬೇಕಾಯಿತು. ಇನ್ನೊಂದು ಪ್ಲೇಟು ಬರಲು ಎರಡು ದಿನ. ಅಮ್ಮ ಮದುವೆಗೆಂದು ತೆಗೆದಿದ್ದ ಸೀರೆಯನ್ನೇ ಉಟ್ಟು, ಹೋಟೆಲಿನ ಗಲ್ಲಾದ ಪಕ್ಕ ನಿಂತು, ತಂಗಿಯ ಮುಹೂರ್ತದ ವಾಲಗವನ್ನು ಫೋನಿನಲ್ಲಿ ಕೇಳಿದರು. ಅಪ್ಪ ಅಡುಗೆಮನೆಯಿಂದ ಹೊರಗೆ ಬರಲಿಲ್ಲ.

ಇವತ್ತು ಗಾಡಿ ಓಡಿಸುತ್ತಿದ್ದ ನನ್ನ ಪಕ್ಕದಲ್ಲಿ ಕೂತಿದ್ದ ಅದೇ ಅಪ್ಪ ಟೆಂಪೊದ ಹೊಗೆ ನೋಡಿ, “ಪಾಪ, ಪೂಜೆ ಮಾಡದೆ ಹಾಕಿಸಿರಬೇಕು” ಎಂದರು.

ಹಿಂದಿನ ಸೀಟಿನಿಂದ ಅಮ್ಮ ಹೇಳಿದರು: “ಮಗಾ, ಗಾಡಿ ಸೈಡಿಗೆ ಹಾಕು. ಇವರನ್ನು ಇಲ್ಲೇ ಇಳಿಸುವ.”