ಕರಿಕಂಬಳಿಯ ಮುಂದೆ ಒಂದು ನೀರಹನಿ

ಅಡುಗೆಮನೆಯ ನಲ್ಲಿ ಮೂರು ದಿನದಿಂದ ತೊಟ್ಟಿಕ್ಕುತ್ತಿದೆ. ರಿಪೇರಿಯವನು ನಾಳೆ ಬರುತ್ತೇನೆಂದಾಗ, ನಿಧಾನವಾಗಿ ಬಾಪ್ಪ ಎಂದುಬಿಟ್ಟೆ. ಇವತ್ತು ಬೆಳಿಗ್ಗೆ ತಟ್ಟೆಯ ನೀರಿಗೆ ಹನಿ ಬೀಳುವುದನ್ನು ನೋಡುತ್ತಾ ನಿಂತು ಹಾಲು ಉಕ್ಕಿಸಿದೆ. ಈ ವಯಸ್ಸಿನಲ್ಲಿ ಇದೇನು ಚಪಲ ಎನ್ನುತ್ತೀರೇನೋ. ಚಪಲ ಇವತ್ತಿನದಲ್ಲ.

ನಮ್ಮಪ್ಪನಿಗೆ ಗೌರಿಬಿದನೂರಿನಲ್ಲಿ ಫೋಟೋ ಸ್ಟುಡಿಯೋ ಇತ್ತು. ಅರವತ್ತರ ದಶಕದ ಆರಂಭದಲ್ಲಿ ನಾನು ಚಿಂತಾಮಣಿಗೆ ಸೊಸೆಯಾಗಿ ಬಂದಾಗ, ತಮ್ಮ ಹಳೆಯ ಕ್ಯಾಮೆರಾವನ್ನು ನನ್ನ ಟ್ರಂಕಿನಲ್ಲಿ ಸೀರೆಗಳ ನಡುವೆ ಇಟ್ಟಿದ್ದರು. ಸೀರೆಗಳಿಗಿಂತ ಅದನ್ನೇ ಹೆಚ್ಚು ಸಲ ತೆಗೆದು ನೋಡಿದೆ. ಹನಿ ಬಿದ್ದಲ್ಲಿ ನೀರು ಕಿರೀಟದ ಹಾಗೆ ಮೇಲೇಳುತ್ತದೆ ಎಂದು ಅಪ್ಪ ಹೇಳಿದ್ದರು. ಅದನ್ನು ಹಿಡಿಯಬೇಕೆಂಬ ಹುಚ್ಚು ನನಗೆ.

ನಾದಿನಿ ಸರೋಜಳಿಗೆ ಶಿಡ್ಲಘಟ್ಟದ ಸಂಬಂಧವೊಂದು ಕೂಡಿಬರುವಂತಿತ್ತು. ಗಂಡಿನ ಮನೆಗೆ ಕಳಿಸಲು ಅವಳ ಫೋಟೋ ತೆಗೆ ಎಂದು ನಮ್ಮ ಯಜಮಾನರು ಹನ್ನೆರಡು ಚಿತ್ರದ ರೀಲು ತಂದುಕೊಟ್ಟರು. ಮರುದಿನ ಅವರು ಕೆಲಸಕ್ಕೆ ಹೋದರು. ಸರೋಜ ಎರೆದುಕೊಂಡು ತಲೆ ಒಣಗಿಸುತ್ತಿದ್ದಳು. ಹನಿಯದು ಒಂದೇ ಒಂದು ಚಿತ್ರ ಎಂದುಕೊಂಡು ಹಿತ್ತಿಲ ಬಿಸಿಲಿನಲ್ಲಿ ನೀರಿನ ತಟ್ಟೆ ಇಟ್ಟೆ. ಒಂದು ಹೋಗಿ ನಾಲ್ಕಾಯಿತು. ಐದನೆಯದಕ್ಕೆ ಕಣ್ಣಿಟ್ಟಾಗ ಬೆನ್ನ ಹಿಂದೆ ಅತ್ತೆಯ ದನಿ.

"ಏನಮ್ಮಾ ಅದು, ತಟ್ಟೆಗೆ ಫೋಟೋ?"

ಮದುವೆಯಾಗಿ ಆರು ತಿಂಗಳಾದರೂ ಉಪ್ಪು, ಹುಳಿ, ಸೌದೆ ಬಿಟ್ಟು ಅತ್ತೆ ನನ್ನೊಡನೆ ಬೇರೆ ಮಾತಾಡಿದವರಲ್ಲ. ಇನ್ನು ತವರಿಗೆ ಕಳಿಸುವುದೇ ಸೈ ಎಂದುಕೊಂಡು ತೊದಲಿದೆ: "ಹನಿ ಬಿದ್ರೆ ನೀರು ಕಿರೀಟದ ಥರ ಏಳುತ್ತಂತೆ, ಅತ್ತೆ..."

"ಏಳುತ್ತಂತೆ ಏನು, ಏಳ್ತದೆ. ಪಾತ್ರೆ ತೊಳೆಯೋವಾಗ ದಿನಾ ನೋಡ್ತೀನಿ." ದನಿ ತಗ್ಗಿಸಿದರು. "ಹೊಸದ್ರಲ್ಲಿ ನಿಮ್ಮ ಮಾವನಿಗೆ ಹೇಳಿದ್ದೆ, ನಕ್ಬಿಟ್ರು. ಆಮೇಲೆ ಯಾರ್ಗೂ ಹೇಳಿಲ್ಲ ಕಣಮ್ಮ."

ಒಳಗೆ ಹೋದವರು ಕರಿಕಂಬಳಿ ತಂದರು. "ಹಿಂದೆ ಸುಣ್ಣದ ಗೋಡೆ ಇದ್ರೆ ನೀರು ಕಾಣ್ತದಾ? ಕಪ್ಪಿರಬೇಕು." ಅದನ್ನು ಹಗ್ಗಕ್ಕೆ ಇಳಿಬಿಟ್ಟು, ಚೊಂಬು ಓರೆ ಮಾಡಿ ಹನಿ ಬಿಡತೊಡಗಿದರು. "ಇದಿಗೋ... ಈಗ! ಅಯ್ಯೋ, ತಪ್ಪೋಯ್ತು. ಇದಿಗೋ, ಈಗ!" ಹನ್ನೊಂದು ಮುಗಿಯುವ ಹೊತ್ತಿಗೆ ಇಬ್ಬರ ಸೆರಗೂ ಒದ್ದೆ. ಆಗ ಸರೋಜ ನೆನಪಾದಳು. ಉಳಿದ ಒಂದರಲ್ಲಿ ಅವಳನ್ನು ತೆಗೆದೆ.

ರೀಲು ಗೌರಿಬಿದನೂರಿಗೆ ಹೋಗಿ, ಅಪ್ಪನ ಕೈಯಲ್ಲಿ ಚಿತ್ರಗಳಾಗಿ ಬಂತು. ಯಜಮಾನರು ಲಕೋಟೆ ಒಡೆದರು. "ಹನ್ನೆರಡ್ರಲ್ಲಿ ತಂಗೀದು ಒಂದೇ, ಅದ್ರಲ್ಲೂ ಕಣ್ಣು ಮುಚ್ಚಿದಾಳೆ! ಏನಿದು?"

ಅತ್ತೆ ಒಲೆಯ ಮುಂದಿನಿಂದ ಎದ್ದು ಬಂದರು. "ಅವಳನ್ನ ಏನೂ ಅನ್ಬೇಡಪ್ಪ. ನೀರಿಂದು ನಾನೇ ತೆಗೆಸ್ದೆ. ಗಂಡಿನೋರು ಬೇಕಿದ್ರೆ ಬಂದು ಹುಡುಗೀನೇ ನೋಡ್ಲಿ."

ಬಂದರು, ನೋಡಿದರು, ಒಪ್ಪಿದರು. ಸರೋಜ ಮಾತ್ರ ಆ ಫೋಟೋಗಾಗಿ ನನ್ನನ್ನು ಇನ್ನೂ ಕ್ಷಮಿಸಿಲ್ಲ.

ಹನ್ನೊಂದರಲ್ಲಿ ಹತ್ತು ಬರೀ ಮಸುಕು. ಒಂದರಲ್ಲಿ, ಕಂಬಳಿಯ ಕಪ್ಪಿನ ಮುಂದೆ, ಪುಟ್ಟ ಕಿರೀಟ. ಅದರ ಅಂಚಿನಿಂದ ಬಿಡಿಸಿಕೊಂಡ ಮೂರು ಮುತ್ತು. ಅತ್ತೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಹಂಗಾದ್ರೆ ನಾನು ಕಂಡಿದ್ದು ನಿಜಾನೇ," ಎಂದರು.

ಅವರು ಹೋಗಿ ಎಷ್ಟೋ ವರ್ಷವಾಯಿತು. ಆ ಚಿತ್ರಕ್ಕೆ ಕಟ್ಟು ಹಾಕಿಸಿ, ಮನೆಗೆ ಬಂದವರಿಗೆಲ್ಲ ತೋರಿಸಿ, ನಾನು ತೆಗೆದದ್ದು ಎಂದು ಬೀಗುತ್ತಲೇ ಬಂದಿದ್ದೇನೆ. ಇವತ್ತು ಮಧ್ಯಾಹ್ನ ಕಟ್ಟು ಬಿಚ್ಚಿ, ಹಿಂಬದಿಯಲ್ಲಿ ಅವರ ಹೆಸರು ಬರೆದೆ: ಪುಟ್ಟಲಕ್ಷ್ಮಮ್ಮ. ಕೆಳಗೆ ನನ್ನದು, ಸ್ವಲ್ಪ ಚಿಕ್ಕ ಅಕ್ಷರದಲ್ಲಿ.